ಇಪ್ಪತ್ತೇಳನೇ ಪ್ರಶ್ನೆ

ಚಿಕ್ಕಲಕ್ಷ್ಮಮ್ಮ ಪಿಯುಸಿ ಓದಿದವಳು ಅಂತ ಅರಕಲಗೂಡಿನ ಆ ಕಡೆಯ ಮೂರೂರಿಗೂ ಗೊತ್ತು. ಪಾಸಾದಳೋ ಇಲ್ಲವೋ ಅಂತ ಯಾರೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದಳು, ಅದನ್ನ ಅವಳೂ ಡಂಗುರ ಹೊಡೆಸಲಿಲ್ಲ. ಬ್ಯಾಂಕಿನ ಚಲನ್ ತುಂಬೋಕೆ, ರೇಷನ್ ಕಾರ್ಡಿನ ಅರ್ಜಿ ಬರೆಯೋಕೆ ಜನ ಅವಳ ಜಗಲಿಗೇ ಬರೋರು. ದುಂಡಗಿನ ಅಕ್ಷರ, ಒಂದು ಕಾಟು ಇಲ್ಲ, ಒಂದು ಗೀಟು ಇಲ್ಲ. ಆ ಅಚ್ಚುಕಟ್ಟೇ ಅವಳಿಗೆ ಮುಳುವಾಯಿತು ಅಂದರೆ ನೀವು ನಂಬೋದು ಕಷ್ಟ, ಆದರೆ ನಡೆದದ್ದು ಹಾಗೇ.

ಗಂಡ ಚನ್ನಪ್ಪ ಹೊಗೆಸೊಪ್ಪು ಬೆಳೆಯೋನು. ಆ ಊರಲ್ಲಿ ಬೆಳೆಯದೋರು ಯಾರು ಹೇಳಿ? ಇಬ್ಬನಿ ಆರೋ ಮುಂಚೆ ಗಂಡಸರು ಹಸಿ ಸೊಪ್ಪು ಮುರಿದು ತಂದು ರಾಶಿ ಹಾಕಿದರೆ, ಹೆಂಗಸರು ಚಪ್ಪರದ ಕೆಳಗೆ ಕೂತು ಒಂದೊಂದೇ ಎಲೆಯನ್ನ ದಾರದಲ್ಲಿ ಕೋಲಿಗೆ ಕಟ್ಟಬೇಕು. ಆ ಕೋಲುಗಳು ಬ್ಯಾರನ್ ಮನೆಗೆ ಹೋಗಿ, ಬಿಸಿಯಲ್ಲಿ ಬೆಂದು, ಹೊನ್ನಿನ ಬಣ್ಣ ಕಟ್ಟಿ ಹೊರಬರಬೇಕು. ಕಟ್ಟೋ ಹೆಂಗಸರ ಕೈಗೆ ಕಪ್ಪು ಅಂಟು ಹತ್ತುತ್ತೆ, ಬೂದಿ ಹಾಕಿ ಉಜ್ಜಿದರೂ ಬಿಡಲ್ಲ. ಕೆಲವರಿಗೆ ತಲೆ ಗಿರ್ರನ್ನುತ್ತೆ, ವಾಂತಿ ಆಗುತ್ತೆ. ಸೊಪ್ಪಿನ ಅಮಲು ಅಂತಾರೆ, ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಕೂರುತ್ತಾರೆ.

ಇನ್ನೊಂದು ರೂಢಿ ಇದೆ, ಅದನ್ನೂ ಹೇಳಿಬಿಡ್ತೀನಿ. ಬಸುರಿಯನ್ನ ಆ ಊರಲ್ಲಿ ಬಿಸಿಲಿಗೆ ಕಳಿಸಲ್ಲ. ಕಳೆ ಕೀಳಬೇಡ, ನೀರು ಹೊರಬೇಡ, ನೆರಳಲ್ಲಿ ಕಾಲು ಚಾಚಿಕೊಂಡು ಸೊಪ್ಪು ಕಟ್ಟು ಸಾಕು ಅಂತಾರೆ. ಪ್ರೀತಿಯಿಂದಲೇ ಹೇಳ್ತಾರೆ, ಅದರಲ್ಲಿ ಮೋಸ ಇಲ್ಲ. ಚಿಕ್ಕಲಕ್ಷ್ಮಮ್ಮನ ಅತ್ತೆ ಸುಬ್ಬಮ್ಮನೂ ಸೊಸೆಗೆ ಹಾಗೇ ಹೇಳಿದ್ದಳು. ಮೊದಲನೇ ಕೂಸು ಏಳು ತಿಂಗಳಿಗೆ ಹೋಯಿತು. ಎರಡನೇದು ಎಂಟಕ್ಕೆ. ಮೂರನೇ ಸಲ ತವರಲ್ಲಿ, ಹೊಳೆನರಸೀಪುರದ ಹತ್ತಿರ ಕಬ್ಬಿನ ಸೀಮೆಯಲ್ಲಿ, ಪೂರಾ ಒಂಬತ್ತು ತಿಂಗಳು ಇದ್ದಳು. ಅನುಶ್ರೀ ಹುಟ್ಟಿದಳು, ಬದುಕಿದಳು.

ಸುಬ್ಬಮ್ಮ ಕೆಟ್ಟವಳಲ್ಲ. ಆದರೆ ಬಾಯಿಗೆ ಬೀಗ ಇಲ್ಲ. "ನಮ್ಮ ವಂಶದಾಗೆ ಇಂಗಾಗಿರ್ನಿಲ್ಲ ಕಣವ್ವ, ನಿನ್ನ ಒಟ್ಟೇನೇ ಸರಿಯಿಲ್ಲ" ಅಂತ ಒಂದು ದಿನ ಅಂದಳು. ಒಂದೇ ದಿನ ಅಂದದ್ದು. ಸೊಸೆ ಅದನ್ನ ಇಪ್ಪತ್ತು ವರ್ಷ ಇಟ್ಟುಕೊಂಡಳು. ನನ್ನ ಹೊಟ್ಟೆಯೋ, ಆ ಸೊಪ್ಪೋ? ಬಟ್ಟೆ ಒಗೆಯುವಾಗ, ರೊಟ್ಟಿ ತಟ್ಟುವಾಗ ಇದೇ ಯೋಚನೆ. ಯಾರನ್ನ ಕೇಳೋದು? ಹೋದ ಕೂಸಿನ ಮಾತು ಆ ಸೀಮೆಯಲ್ಲಿ ಆಡೋ ಹಾಗಿಲ್ಲ. ಎಣಿಸಬಾರದು, ಬಾಯಿ ಬಿಟ್ಟು ಎಣಿಸಿದರೆ ಅದು ಜೊತೆಗೆ ಇನ್ನೊಂದನ್ನ ಹುಡುಕಿಕೊಂಡು ಬರುತ್ತೆ ಅಂತಾರೆ. ಎಷ್ಟು ಮಕ್ಕಳವ್ವ ಅಂದರೆ ಇರೋದನ್ನ ಹೇಳಬೇಕು, ಅಷ್ಟೇ.

ಏಳು ವರ್ಷದ ಹಿಂದೆ ಹಾಸನದಿಂದ ಒಂದು ಜೀಪು ಬಂತು. ಅದರಲ್ಲಿ ಸುದರ್ಶನ್ ಅಂತ ಒಬ್ಬ ಹುಡುಗ, ಡಾಕ್ಟರೇಟು ಮಾಡಿದವನು, ಯಾವುದೋ ಸಂಶೋಧನಾ ಸಂಸ್ಥೆಯವನು. ಸೊಪ್ಪಿನ ಕೆಲಸದಿಂದ ಹೆಂಗಸರ ಆರೋಗ್ಯಕ್ಕೆ ಏನಾಗುತ್ತೆ ಅಂತ ಸರ್ವೆ. ಹೊರಗಿನವರು ಕೇಳಿದರೆ ಜನ ಬಾಯಿ ಬಿಡಲ್ಲ, ಊರಿನ ಹೆಂಗಸೇ ಬೇಕು, ಅಕ್ಷರ ಬಲ್ಲವಳು ಬೇಕು. ಎಲ್ಲರೂ ಒಂದೇ ಮನೆ ತೋರಿಸಿದರು.

ಹಾಸನದಲ್ಲಿ ಮೂರು ದಿನ ತರಬೇತಿ. ಚಿಕ್ಕಲಕ್ಷ್ಮಮ್ಮ ಮುಂದಿನ ಬೆಂಚಲ್ಲೇ ಕೂತಳು. ನಲವತ್ತು ಪ್ರಶ್ನೆಯ ಫಾರಂ. "ಊಹೆ ಮಾಡಬೇಡಿ. ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೇಳೋದೇ ಸಂಶೋಧನೆ. ಅವರು ಹೇಳಿದ್ದನ್ನೇ ಬರೀರಿ, ನಿಮಗೆ ಅನಿಸಿದ್ದನ್ನ ಬರೀಬೇಡಿ" ಅಂತ ಸುದರ್ಶನ್ ಮತ್ತೆ ಮತ್ತೆ ಹೇಳಿದ. ಇಪ್ಪತ್ತೇಳನೇ ಪ್ರಶ್ನೆ ಹೀಗಿತ್ತು: ಗರ್ಭದಲ್ಲಿ ಅಥವಾ ಹೆರಿಗೆಯಲ್ಲಿ ಕಳೆದುಕೊಂಡ ಮಕ್ಕಳು ಎಷ್ಟು? ಅದನ್ನ ಅವಳು ಎರಡೆರಡು ಸಲ ಓದಿದಳು. ಮೂರನೇ ದಿನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನ ಹತ್ತಿರ ಹೋದಳು.

"ಸಾ, ಸೊಪ್ಪಿನಿಂದ ಕೂಸು ಓಗ್ತಾವಾ?"

"ಗೊತ್ತಿಲ್ಲ ಲಕ್ಷ್ಮಮ್ಮ. ಅದಕ್ಕೇ ಕೇಳ್ತಿರೋದು. ಒಂದು ಮನೆ ನೋಡಿ ಹೇಳೋಕಾಗಲ್ಲ. ಸಾವಿರ ಮನೆ ಕೇಳಿದ್ರೆ ಏನಾದ್ರೂ ತಿಳೀಬಹುದು."

ಅವತ್ತು ಬಸ್ಸಿನಲ್ಲಿ ಬರುವಾಗ ಅವಳಿಗೆ ಆದ ಸಂತೋಷ ಮದುವೆಯಲ್ಲೂ ಆಗಿರಲಿಲ್ಲ. ಗೊತ್ತಿಲ್ಲ ಅಂತ ಒಬ್ಬ ಓದಿದ ಮನುಷ್ಯ ಅಂದನಲ್ಲ! ನಿನ್ನ ಹೊಟ್ಟೆ ಸರಿಯಿಲ್ಲ ಅನ್ನೋದಕ್ಕೂ ಗೊತ್ತಿಲ್ಲ ಅನ್ನೋದಕ್ಕೂ ಎಷ್ಟು ಅಂತರ. ಸಾವಿರ ಮನೆಯಲ್ಲಿ ಸೊಪ್ಪಿನ ಸೀಮೆಯ ಇನ್ನೂರ ಹದಿನಾಲ್ಕೂ ಅವಳ ಪಾಲಿಗೇ ಬಂದಿತ್ತು. ಇನ್ನೇನು, ಆರು ತಿಂಗಳಲ್ಲಿ ಗೊತ್ತಾಗಿಬಿಡುತ್ತೆ ಅಂದುಕೊಂಡಳು.

ಮೊದಲನೇ ಮನೆಯಲ್ಲೇ ಕೆಟ್ಟಿತು. ಹೊಸದಾಗಿ ಮದುವೆಯಾದ ಸೊಸೆ ಬಾಗಿಲಲ್ಲಿ ನಿಂತು ಉತ್ತರ ಹೇಳ್ತಿದ್ದಳು, ಪಕ್ಕದಲ್ಲಿ ಅವಳ ಅತ್ತೆ. ಇಪ್ಪತ್ತಾರರವರೆಗೆ ಸಲೀಸು. ಇಪ್ಪತ್ತೇಳು ಬಾಯಿಂದ ಬಿದ್ದದ್ದೇ ತಡ, ಮುದುಕಿ ಸೊಸೆಯನ್ನ ಒಳಕ್ಕೆ ದಬ್ಬಿ, "ಮುತ್ತೈದೆ ಹೊಸ್ತಿಲ ಮ್ಯಾಲೆ ನಿಂತವಳೆ, ಇಂಥ ಮಾತು ಕೇಳೀಯೇನೆ ಲಕ್ಷ್ಮಿ? ನೀನೂ ಎತ್ತವಳಲ್ವಾ?" ಅಂದಳು. ಚಿಕ್ಕಲಕ್ಷ್ಮಮ್ಮನಿಗೆ ಮುಖ ಎಲ್ಲಿ ಇಟ್ಟುಕೊಳ್ಳೋದು ಗೊತ್ತಾಗಲಿಲ್ಲ. ತಪ್ಪಾಯ್ತು ಕಣತ್ತೆ ಅಂದಳು. ಖಾಲಿ ಬಿಟ್ಟರೆ ಫಾರಂ ವಾಪಸ್ ಬರುತ್ತೆ ಅಂತ ತರಬೇತಿಯಲ್ಲಿ ಹೇಳಿದ್ದರು. ಒಂದು ಸೊನ್ನೆ ಬರೆದಳು. ದುಂಡಗಿನ, ಚಂದದ ಸೊನ್ನೆ.

ಎರಡನೇ ಮನೆಯಿಂದ ಆ ಪ್ರಶ್ನೆಯನ್ನ ಅವಳು ಕೇಳಲೇ ಇಲ್ಲ. ಸೋಮಾರಿತನ ಅಂತೀರಾ? ಅಲ್ಲ. ಅವಳ ಹಾಗೆ ಒಂದೊಂದು ಮನೆಯಲ್ಲಿ ಗಂಟೆಗಟ್ಟಲೆ ಕೂತು ಉಳಿದ ಮೂವತ್ತೊಂಬತ್ತು ಪ್ರಶ್ನೆ ಕೇಳಿದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಇದೊಂದನ್ನ ಕೇಳೋದು ಅವಳಿಗೆ ಮರ್ಯಾದೆಗೆಟ್ಟ ಕೆಲಸವಾಗಿ ಕಂಡಿತು. ಹಾಸನದವರಿಗೆ ತಿಳಿಯಲ್ವಾ, ಅವರ ತಾಯಂದಿರೂ ಇದೇ ನಾಡಿನೋರಲ್ವಾ, ಇದನ್ನ ಯಾರೂ ಕೇಳಿರಲ್ಲ ಅಂತ ಅವರಿಗೆ ಅರ್ಥವಾಗೇ ಆಗುತ್ತೆ ಅಂದುಕೊಂಡಳು. ಆರು ಜನ ಮಾತ್ರ ತಾವಾಗೇ ಹೇಳಿಕೊಂಡು ಅತ್ತರು, ಆ ಆರನ್ನ ಬರೆದಳು.

ಕಡೆಯ ಫಾರಂ ಅವಳ ಮನೆಯದೇ. ಸುಬ್ಬಮ್ಮ ಎದುರಿಗೆ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಇಪ್ಪತ್ತೇಳಕ್ಕೆ ಪೆನ್ನು ನಿಂತಿತು. ಎರಡು ಅಂತ ಬರೆಯೋಣ ಅಂತ ಕೈ ಹೋಯಿತು ಕೂಡ. ಆಮೇಲೆ ಅನಿಸಿತು: ಊರೆಲ್ಲ ಸೊನ್ನೆ ಬರೆದು ನನ್ನದೊಂದೇ ಎರಡು ಅಂತ ಬರೆದರೆ ಏನಾಗುತ್ತೆ? ನನ್ನ ಹೊಟ್ಟೆಯೇ ಸರಿಯಿಲ್ಲ ಅಂತಾಗುತ್ತೆ. ಸೊನ್ನೆ ಬರೆದು ಫಾರಂ ಮಡಿಚಿಟ್ಟಳು.

ಮುಂದಿನ ವರ್ಷ ಹಾಸನದ ಒಂದು ಹಾಲಿಗೆ ಎಲ್ಲರನ್ನೂ ಕರೆದರು. ಉಪ್ಪಿಟ್ಟು, ಕೇಸರಿಬಾತು, ಒಂದೊಂದು ಶಾಲು. ಪರದೆಯ ಮೇಲೆ ಬಣ್ಣದ ಕಂಬಗಳು ಬಂದವು. ಚನ್ನರಾಯಪಟ್ಟಣದ ಕಡೆ, ಹೋಲಿಸಿ ನೋಡೋಕೆ ಆರಿಸಿದ್ದ ಸೊಪ್ಪಿಲ್ಲದ ತೆಂಗಿನ ಸೀಮೆಯಲ್ಲಿ, ಕೂಸು ಕಳೆದುಕೊಂಡವರ ಕಂಬ ಎತ್ತರಕ್ಕಿತ್ತು. ಅಲ್ಲಿ ಸರ್ವೆಗೆ ಹೋದವನು ಎಲ್ಲಿಂದಲೋ ಬಂದ ಹುಡುಗ, ಸಂಕೋಚ ಅಂದರೇನು ಅಂತ ಗೊತ್ತಿಲ್ಲದೆ ಮನೆಮನೆಗೂ ಕೇಳಿಬಿಟ್ಟಿದ್ದ. ಸೊಪ್ಪಿನ ಸೀಮೆಯ ಕಂಬ ಮೊಣಕಾಲುದ್ದವೂ ಇರಲಿಲ್ಲ. ದೊಡ್ಡ ಸಾಹೇಬರು ಮೈಕಿನಲ್ಲಿ ಹೇಳಿದರು: ಹೊಗೆಸೊಪ್ಪಿನ ಕೆಲಸಕ್ಕೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ, ಹಾಗಾಗಿ ಎರಡನೇ ಹಂತದ ಅಧ್ಯಯನದ ಅಗತ್ಯವಿಲ್ಲ. ಜನ ಚಪ್ಪಾಳೆ ತಟ್ಟಿದರು. ಚಿಕ್ಕಲಕ್ಷ್ಮಮ್ಮನ ಕೈಯಲ್ಲಿದ್ದ ಕೇಸರಿಬಾತು ಅಲ್ಲೇ ಇತ್ತು.

ಮೆಟ್ಟಿಲ ಹತ್ತಿರ ಸುದರ್ಶನನನ್ನ ತಡೆದು ನಿಲ್ಲಿಸಿದಳು. "ಸಾ, ಆ ಸೊನ್ನೆಗಳು ನಾನು ಕೇಳ್ದೆ ಬರ್ದಿರವು."

"ಎಷ್ಟು ಮನೇಲಿ?"

"ಮೊದಲನೇ ಮನೇಲಿ ಕೇಳಿದ್ದೆ. ಆಮೇಲೆ ಕೇಳ್ನಿಲ್ಲ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗೋದು. ಅವನು ಬೈಯಲಿಲ್ಲ. "ನಿಜವಾಗಿ ಎಷ್ಟಿರಬಹುದು?" ಅಂತ ಕೇಳಿದ. ಅವಳು ಗೊತ್ತಿಲ್ಲ ಅಂದಳು. ಆಮೇಲೆ ಅವನೇ ಅಂದ: "ತಪ್ಪು ನಿಮ್ಮೊಬ್ಬರದೇ ಅಲ್ಲ. ಆ ಪ್ರಶ್ನೇನ ಬಾಗಿಲಲ್ಲಿ ನಿಂತು ಕೇಳೋ ಹಾಗೆ ಬರೆದೋನು ನಾನು. ನನ್ನನ್ನ ಹೆತ್ತವಳನ್ನ ಒಂದು ಮಾತು ಕೇಳಿದ್ರೆ ಸಾಕಾಗಿತ್ತು." ಮೇಲಿನವರಿಗೆ ಪತ್ರ ಬರೆದನಂತೆ. ಉತ್ತರ ಬರೋದರೊಳಗೆ ಅವನ ಕಾಂಟ್ರಾಕ್ಟು ಮುಗಿದಿತ್ತು, ಯಾವುದೋ ಬೇರೆ ರಾಜ್ಯಕ್ಕೆ ಹೋದ. ಪೇಪರಿನಲ್ಲಿ ಮಾತ್ರ ಸುದ್ದಿ ಬಂದಾಗಿತ್ತು, ಗರ್ಭಿಣಿಯರಿಗೆ ತೊಂದರೆಯಿಲ್ಲ ಅಂತ. ಚನ್ನಪ್ಪ ಅದನ್ನ ಕತ್ತರಿಸಿ, ಅದರಲ್ಲಿ ಹೆಂಡತಿಯ ಹೆಸರಿಲ್ಲದಿದ್ದರೂ, ಬ್ಯಾರನ್ನಿನ ಬಾಗಿಲಿಗೆ ಅಂಟಿಸಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಅವಳಿಗೂ ಬಂತು. ಒಂದು ಇನ್ನೂರು ಪೇಜಿನ ನೋಟ್‌ಬುಕ್ಕು ತಂದು ಗೀಟು ಹಾಕಿಕೊಂಡಳು. ಈ ಸಲ ಬಾಗಿಲಿಗೆ ಹೋಗಲಿಲ್ಲ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ, ಸೊಪ್ಪು ಕಟ್ಟೋ ಚಪ್ಪರದ ಕೆಳಗೆ, ಒಬ್ಬೊಬ್ಬರೇ ಸಿಕ್ಕಾಗ ಮೊದಲು ತನ್ನದನ್ನ ಹೇಳೋಳು. "ನಂದು ಎರಡು ಕೂಸು ಓದ್ವು ಕಣಕ್ಕ. ನಿಂದು?" ಕೇಳಿಸಿಕೊಂಡವಳು ಕೈಯಲ್ಲಿರೋ ಬಟ್ಟೆ ಹಿಂಡುತ್ತಾ, ನಂದು ಒಂದು ಅನ್ನೋಳು. ಮೂವತ್ತೊಂದು ಹೆಂಗಸರಲ್ಲಿ ಹತ್ತೊಂಬತ್ತು ಜನ ಹಾಗಂದರು. ಕಣ್ಣೀರು ಒರೆಸಿಕೊಂಡು ಎದ್ದು ಹೋಗುವಾಗ ಯಾರಿಗೂ ಏಳಬ್ಯಾಡ ಕಣೆ ಅನ್ನೋರು. ಚಿಕ್ಕಲಕ್ಷ್ಮಮ್ಮ ಮನೆಗೆ ಬಂದು ಬರೆದುಕೊಳ್ಳೋಳು.

ಗುಟ್ಟು ಎಷ್ಟು ದಿನ ನಿಲ್ಲುತ್ತೆ? ಊರಿನ ಯಜಮಾನ ರುದ್ರಯ್ಯ ಚನ್ನಪ್ಪನನ್ನ ಕರೆಸಿ, ಸೊಪ್ಪಿನ ಲೈಸೆನ್ಸಿಗೆ ಕಲ್ಲು ಹಾಕೋಕೆ ನಿನ್ನ ಹೆಂಡ್ರು ಪುಸ್ತಕ ಇಟ್ಟವಳಂತೆ ಅಂದ. ಚನ್ನಪ್ಪ ಮನೆಗೆ ಬಂದು ಕೂಗಾಡಲಿಲ್ಲ. "ಲಕ್ಷ್ಮಿ, ಸಾಕು ಮಾಡೆ" ಅಂದ ಅಷ್ಟೇ. ಅವಳು ಅಲ್ಲಿಗೆ ನಿಲ್ಲಿಸಿ, ಆ ಮೂವತ್ತೊಂದನ್ನೇ ತಗೊಂಡು ಹಾಸನದ ಬಸ್ಸು ಹತ್ತಿದಳು.

ಸುದರ್ಶನನ ಕುರ್ಚಿಯಲ್ಲಿ ದಿಲೀಪ್ ಅಂತ ಒಬ್ಬರು ಕೂತಿದ್ದರು. ಕೂರಿಸಿ, ನೀರು ಕೊಟ್ಟು, ನೋಟ್‌ಬುಕ್ಕನ್ನ ಒಂದೊಂದು ಪುಟವೂ ನೋಡಿದರು. ಆ ಮನುಷ್ಯನನ್ನೂ ದೂರೋ ಹಾಗಿಲ್ಲ. "ಅಮ್ಮ, ಇವರ ಒಪ್ಪಿಗೆ ಸಹಿ ಇಲ್ಲ. ಯಾರನ್ನ ಕೇಳಬೇಕು ಅಂತ ನೀವೇ ಆರಿಸಿಕೊಂಡಿದೀರಿ. ಮೊದಲು ನಿಮ್ಮದನ್ನ ಹೇಳಿ ಆಮೇಲೆ ಕೇಳಿದೀರಿ, ಅದು ಅವರ ಉತ್ತರಾನ ನಿಮ್ಮ ಕಡೆ ಎಳೆಯುತ್ತೆ. ಇದನ್ನ ನಾವು ತಗೊಳ್ಳೋಕೆ ಬರಲ್ಲ" ಅಂದರು. ಕೇಳಬೇಕಾದಾಗ ಕೇಳಲಿಲ್ಲ, ಕೇಳಿದಾಗ ಕೇಳೋ ರೀತಿಯಲ್ಲಿ ಕೇಳಲಿಲ್ಲ. ಅವರು ಹೇಳಿದ್ದು ಸರಿ ಅಂತ ಅವಳಿಗೂ ಗೊತ್ತಿತ್ತು, ತರಬೇತಿಯಲ್ಲಿ ಮುಂದಿನ ಬೆಂಚಲ್ಲಿ ಕೂತವಳಲ್ಲವೇ. ನೋಟ್‌ಬುಕ್ಕನ್ನ ಸೆರಗಲ್ಲಿ ಸುತ್ತಿಕೊಂಡು ಬಂದು ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಹೀಗೇ ವರ್ಷಗಳು ಹೋದವು. ಅನುಶ್ರೀಯನ್ನ ಹೊಳೆನರಸೀಪುರಕ್ಕೆ ಕೊಟ್ಟರು. ಹೋದ ವರ್ಷ ಆಷಾಢ ಕಳೆದ ಮೇಲೆ, ಸೀಮಂತ ಮುಗಿಸಿಕೊಂಡು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸೊಪ್ಪಿನ ಕೆಲಸ ಬಿರುಸಾಗಿದ್ದ ಕಾಲ. ಬಂದ ಮಾರನೇ ದಿನವೇ ಅಜ್ಜಿಯ ಪಕ್ಕ ಚಪ್ಪರದ ಕೆಳಗೆ ಕೂತು ದಾರ ಹಿಡಿದಳು.

ಚಿಕ್ಕಲಕ್ಷ್ಮಮ್ಮ ಒಳಗಿಂದ ಓಡಿ ಬಂದಳು. "ಮಗಾ, ಏಳು. ಮುಟ್ಟಬ್ಯಾಡ ಅದನ್ನ."

"ಯಾಕಮ್ಮ? ನೀನೇ ಸರ್ವೆ ಮಾಡಿದ್ದಲ್ಲ, ಏನೂ ಆಗಲ್ಲ ಅಂತ." ಅನುಶ್ರೀ ಬ್ಯಾರನ್ನಿನ ಬಾಗಿಲ ಕಡೆ ಕೈ ತೋರಿಸಿದಳು. ಪೇಪರಿನ ತುಂಡು ಹಳದಿಯಾಗಿ ಇನ್ನೂ ಅಲ್ಲೇ ಇತ್ತು. "ಫೋನಲ್ಲೂ ಬರುತ್ತೆ ಅದು. ನಾನು ಓದಿದೀನಿ."

"ಅದು ಸುಳ್ಳು ಮಗಾ."

"ಹಂಗಾದ್ರೆ ಏನಾದ್ರೂ ಆಗುತ್ತಾ?"

ಆಗುತ್ತೆ ಅನ್ನೋಕೆ ಅವಳಿಗೆ ಬಾಯಿ ಬರಲಿಲ್ಲ. ಗೊತ್ತಿರಲಿಲ್ಲವಲ್ಲ, ಏನಂತ ಹೇಳ್ತಾಳೆ? ಗೊತ್ತಿಲ್ಲ ಅಂದರೆ ಮಗಳು ನಗ್ತಾಳೆ. ಬೇರೆ ದಾರಿ ಕಾಣದೆ, ಇಪ್ಪತ್ತು ವರ್ಷ ಹೆತ್ತ ಮಗಳಿಗೂ ಹೇಳದೇ ಇದ್ದದ್ದನ್ನ ಆವತ್ತು ಹೇಳಿದಳು. "ನಿನಗಿಂತ ಮುಂಚೆ ಎರಡು ಓದ್ವು ಕಣೆ ನಂಗೆ. ಇದೇ ಜಾಗದಲ್ಲಿ ಕೂತು ಸೊಪ್ಪು ಕಟ್ತಿದ್ದೆ."

ಸುಬ್ಬಮ್ಮನ ಕೈಯಿಂದ ಕೋಲು ಬಿತ್ತು. ತುಂಬು ಬಸುರಿಯ ಮುಂದೆ, ಹೋದ ಕೂಸನ್ನ, ಬಾಯಿ ಬಿಟ್ಟು, ಎಣಿಸಿ ಹೇಳಿದಳಲ್ಲ ಈ ಸೊಸೆ! ಮುದುಕಿ ತಕ್ಷಣ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅನುಶ್ರೀ ದಾರ ಕೆಳಗಿಟ್ಟು ಎದ್ದಳು. ಹದಿನೈದು ದಿನ ಸೊಪ್ಪು ಮುಟ್ಟಲಿಲ್ಲ. ಆಮೇಲೆ ಕೂತು ಕೂತು ಬೇಜಾರಾಗಿ, ಅಮ್ಮ ಸಂತೆಗೆ ಹೋದಾಗಲೆಲ್ಲ ಅಜ್ಜಿಗೆ ಒಂದೆರಡು ಕೋಲು ಕಟ್ಟಿಕೊಟ್ಟಳು. ಎಂಟು ತಿಂಗಳು ತುಂಬೋ ಹೊತ್ತಿಗೆ ಒಂದು ಬೆಳಗ್ಗೆ ಕೂಸು ಅಲ್ಲಾಡ್ತಿಲ್ಲ ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೆನ್ನಾಗೇ ನೋಡಿಕೊಂಡರು. ಕಾರಣ ಏನು ಅಂತ ಚಿಕ್ಕಲಕ್ಷ್ಮಮ್ಮ ಕೇಳಿದ್ದಕ್ಕೆ, "ಎಷ್ಟೋ ಸಲ ಗೊತ್ತಾಗಲ್ಲಮ್ಮ" ಅಂದರು.

ಮನೆಯಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಸುಬ್ಬಮ್ಮ ಗೋಡೆ ಕಡೆ ತಿರುಗಿ ಮಲಗಿ, "ಕರೆದ್ಲು, ಬಂತು" ಅಂದಳು. ಅನುಶ್ರೀ ಆರು ತಿಂಗಳು ಅಮ್ಮನ ಫೋನು ಎತ್ತಲಿಲ್ಲ. ಎದೆಹಾಲು ನಿಲ್ಲೋಕೆ ಬಟ್ಟೆ ಬಿಗಿಯೋವಾಗಲೂ ಅಮ್ಮ ಬೇಡ, ಅಜ್ಜಿ ಕಟ್ಟಲಿ ಅಂದಿದ್ದಳು. ಚಿಕ್ಕಲಕ್ಷ್ಮಮ್ಮನಿಗೆ ಅದು ಇವತ್ತಿಗೂ ಸಂಕಟ.

ಈ ವರ್ಷ ಅನುಶ್ರೀ ಮತ್ತೆ ಬಂದಳು. ಮೂರು ತಿಂಗಳ ಬಸುರಿ. ಒಳಗೆ ಬರೋ ಮುಂಚೆ, ಬ್ಯಾಗನ್ನ ಹೆಗಲಿಂದ ಇಳಿಸದೇ, ಅಮ್ಮನ ಕೈ ಹಿಡಿದು ತಲೆ ಮೇಲೆ ಇಟ್ಟುಕೊಂಡಳು. "ನನ್ನ ಮೇಲೆ ಆಣೆ ಮಾಡು. ಈ ಸಲ ನೀನು ಆ ಮಾತು ಯಾರ ಹತ್ರನೂ ಎತ್ತಕೂಡದು." ಚಿಕ್ಕಲಕ್ಷ್ಮಮ್ಮ ಆಣೆ ಮಾಡಿದಳು. ಇನ್ನೇನು ಮಾಡ್ತಾಳೆ? ಸೊಪ್ಪು ಮುಟ್ಟಬೇಡ ಅಂತ ತಾನೂ ಒಂದು ಆಣೆ ಕೇಳಿದಳು. ಅನುಶ್ರೀ ನಗಲೂ ಇಲ್ಲ, ಒಪ್ಪಲೂ ಇಲ್ಲ. "ಸೊಪ್ಪಿಂದ ಏನೂ ಇಲ್ಲಮ್ಮ" ಅಂದಳು.

ನಾಲ್ಕನೇ ದಿನ ಟ್ಯಾಬ್ ಹಿಡಿದ ಒಬ್ಬ ಹುಡುಗಿ ಬಂದಳು. ಸಮತಾ ಅಂತ ಹೆಸರು, ಶ್ರವಣಬೆಳಗೊಳದವಳು, ಮಾತು ನಯ. ತಾಯಿ ಮಗುವಿನ ಆರೋಗ್ಯದ ಬಗ್ಗೆ ಹೊಸ ಸರ್ವೆಯಂತೆ. ಚಪ್ಪರದ ಕೆಳಗೆ ಅನುಶ್ರೀ ಎದುರಿಗೇ ಕೂತಳು, ಬಾಗಿಲಲ್ಲಿ ನಿಂತು ಕೇಳಲಿಲ್ಲ. ಚಿಕ್ಕಲಕ್ಷ್ಮಮ್ಮ ಮಜ್ಜಿಗೆ ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಪ್ರಶ್ನೆ ಹತ್ತಿರ ಬರೋದು ಅವಳಿಗೆ ತಿಳಿಯುತ್ತಿತ್ತು. ವಯಸ್ಸು, ಓದು, ಕೆಲಸ. ಹುಡುಗಿ ದನಿ ತಗ್ಗಿಸಿ ಕೇಳಿದಳು: "ಅಕ್ಕ, ಇದಕ್ಕೆ ಮುಂಚೆ ಯಾವುದಾದ್ರೂ ಮಗು ಹೋಗಿತ್ತಾ?"

ಅನುಶ್ರೀ ಅಮ್ಮನ ಮುಖ ನೋಡಿದಳು.

"ಇಲ್ಲ. ಇದೇ ಮೊದಲನೇದು."

ಸಮತಾ ಬೆರಳಲ್ಲಿ ಒತ್ತಿದಳು. ಮುಂದಿನ ಪ್ರಶ್ನೆ ಬಂತು.

ಒಂದು ಮಾತು ಸಾಕಿತ್ತು. ಅಕ್ಕಿ ಡಬ್ಬದ ಹಿಂದೆ ನೋಟ್‌ಬುಕ್ಕೂ ಇತ್ತು. ಆದರೆ ಹೋದ ವರ್ಷ ಆಡಿದ ಆ ಮಾತೇ ಕಾರಣವಾಗಿದ್ದರೆ? ಸುಬ್ಬಮ್ಮ ಅಂದದ್ದು ಸುಳ್ಳು ಅಂತ ಅವಳು ಎದೆ ತಟ್ಟಿ ಹೇಳಬಲ್ಲಳಾ? ಸೊಪ್ಪೋ, ತನ್ನ ನಾಲಿಗೆಯೋ, ತನ್ನಿಂದ ಮಗಳಿಗೆ ಬಂದ ಹೊಟ್ಟೆಯೋ, ಅದನ್ನ ಹೇಳಬಹುದಾಗಿದ್ದ ಒಂದೇ ಒಂದು ಕಾಗದವನ್ನ ಅವಳೇ ಕೈಯಾರೆ ಸೊನ್ನೆ ಸುತ್ತಿ ಕೆಡಿಸಿದ್ದಳು. ಹುಡುಗಿಯ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದಳು. ಹುಡುಗಿ ಮಜ್ಜಿಗೆ ಕುಡಿದು, ಬರ್ತೀನಿ ಆಂಟಿ ಅಂತ ಪಕ್ಕದ ಮನೆಗೆ ಹೋದಳು.

ಅನುಶ್ರೀ ನಿಟ್ಟುಸಿರು ಬಿಟ್ಟು ಸೊಪ್ಪಿನ ರಾಶಿಯನ್ನ ಹತ್ತಿರಕ್ಕೆ ಎಳೆದುಕೊಂಡಳು. ಚಿಕ್ಕಲಕ್ಷ್ಮಮ್ಮ ಬಗ್ಗಿ ಆ ರಾಶಿಯನ್ನ ಆಚೆಗೆ ಸರಿಸಿದಳು. ಮಗಳು ಮತ್ತೆ ಎಳೆದುಕೊಂಡಳು. ಅಮ್ಮ ಮತ್ತೆ ಸರಿಸೋಕೆ ಕೈ ಹಾಕಿದಾಗ, "ಯಾಕಮ್ಮ? ಕಾರಣ ಹೇಳು" ಅಂದಳು.

ಚಿಕ್ಕಲಕ್ಷ್ಮಮ್ಮ ಮಗಳ ಪಕ್ಕದಲ್ಲಿ ಕೂತು, ಅವಳಿಗೆ ಆದಷ್ಟು ಕಮ್ಮಿ ಉಳಿಯಲಿ ಅಂತ, ಎರಡೂ ಕೈಯಲ್ಲಿ ಬೇಗ ಬೇಗ ಸೊಪ್ಪು ಕಟ್ಟತೊಡಗಿದಳು.